ಬ್ರೋಕರ್ ಬದಲಿಸುವ ಮುನ್ನ ಶುಲ್ಕದ ಲೆಕ್ಕ ಹಾಕುವುದು ಹೇಗೆ?

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾರಿದ ದಿನ ಅಡತಿ ಅಂಗಡಿಯಿಂದ ಬಂದ ಲೆಕ್ಕದ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತಾರೆ. ತೂಕಕ್ಕೆ ಎಷ್ಟು, ಹಮಾಲಿಗೆ ಎಷ್ಟು ಕಡಿತವಾಯಿತು ಎಂದು ಕೇಳದೆ ಹಣ ಎಣಿಸಿಕೊಳ್ಳುವವರು ಕಡಿಮೆ. ಅದೇ ಮನೆಗಳಲ್ಲಿ ಷೇರು ವ್ಯವಹಾರದ ಪಟ್ಟಿ, ಅಂದರೆ ವಹಿವಾಟು ನಡೆದ ದಿನ ಷೇರು ಕೊಡಿಸುವ, ಮಾರಿಸುವ ಬ್ರೋಕರ್ ಕಳುಹಿಸುವ ಕಾಂಟ್ರ್ಯಾಕ್ಟ್ ನೋಟ್, ಇಮೇಲ್‌ನಲ್ಲಿ ತೆರೆಯದೆಯೇ ಉಳಿದಿರುತ್ತದೆ. ಹಾಗಿರುವಾಗ ‘ಇಲ್ಲಿ ಬ್ರೋಕರೇಜ್ (ಬ್ರೋಕರ್‌ನ ಕಮಿಷನ್) ಕಡಿಮೆ’ ಎಂಬ ಒಂದು ಜಾಹೀರಾತು ಕಂಡೊಡನೆ ಹಳೆಯ ಖಾತೆಯಲ್ಲಿದ್ದುದನ್ನೆಲ್ಲ ಮಾರಿ ಹೊಸ ಆ್ಯಪ್‌ನಲ್ಲಿ ಮತ್ತೆ ಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರು ಉಳಿಸಿದ್ದು ನೂರರ ಲೆಕ್ಕದಲ್ಲಿ, ಕಳೆದುಕೊಂಡದ್ದು ಸಾವಿರಗಳ ಲೆಕ್ಕದಲ್ಲಿ. ಈ ಲೇಖನ ಬರೆಯಲು ಅದೇ ಕಾರಣ.

ಹೆಜ್ಜೆ 1: ಹಳೆಯ ಖಾತೆಯ ಕಾಗದಪತ್ರ ಇಳಿಸಿಕೊಳ್ಳಿ

ಹಿಂದಿನ ಎಲ್ಲ ವರ್ಷಗಳ ಕಾಂಟ್ರ್ಯಾಕ್ಟ್ ನೋಟ್, ಲೆಡ್ಜರ್ (ಖಾತೆಯ ಜಮಾ-ಖರ್ಚಿನ ಪಟ್ಟಿ), ಲಾಭ-ನಷ್ಟದ ವರದಿ ಇವಿಷ್ಟನ್ನೂ ಮೊದಲೇ ಇಳಿಸಿ ಇಟ್ಟುಕೊಳ್ಳಬೇಕು. ಖಾತೆ ಮುಚ್ಚಿದ ಮೇಲೆ ಲಾಗಿನ್ ಸಿಗುವುದಿಲ್ಲ.

ಹೆಜ್ಜೆ 2: ಯಾವ ಶುಲ್ಕ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ಬೇರ್ಪಡಿಸಿ

ಷೇರನ್ನು ಡೆಲಿವರಿಗಾಗಿ, ಅಂದರೆ ಅದೇ ದಿನ ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳಲು, ಕೊಂಡಾಗಲೂ ಮುಂದೆ ಅದನ್ನು ಮಾರಿದಾಗಲೂ ಶೇ 0.1ರಷ್ಟು ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ಕಟ್ಟಬೇಕು. ಕೊಳ್ಳುವಾಗ ಶೇ 0.015ರಷ್ಟು ಮುದ್ರಾಂಕ ಶುಲ್ಕವಿದೆ. ಇವು, ವಿನಿಮಯ ಕೇಂದ್ರದ ಶುಲ್ಕ ಮತ್ತು ಕೋಟಿ ರೂಪಾಯಿ ವಹಿವಾಟಿಗೆ ಹತ್ತು ರೂಪಾಯಿಯಂತೆ ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿಯ ಶುಲ್ಕ ಯಾವ ಬ್ರೋಕರ್ ಬಳಿ ಹೋದರೂ ಬೆನ್ನು ಬಿಡುವುದಿಲ್ಲ. ಆದ್ದರಿಂದ ಹೋಲಿಕೆಯ ಕಾಗದದಿಂದ ಇವನ್ನು ಹೊರಗಿಡಿ. ಹೋಲಿಸಬೇಕಾದವು ಮೂರೇ: ಬ್ರೋಕರೇಜ್, ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯ ವಾರ್ಷಿಕ ನಿರ್ವಹಣಾ ಶುಲ್ಕ, ಮತ್ತು ಮಾರುವ ದಿನ ಪ್ರತಿ ಕಂಪನಿಯ ಷೇರಿಗೆ ಒಮ್ಮೆ ಬೀಳುವ ಡಿಪಿ (ಡಿಮ್ಯಾಟ್ ಖಾತೆ ನಡೆಸುವ ಸಂಸ್ಥೆ) ಶುಲ್ಕ. ಈ ಮೂರರ ಮೇಲೂ ಶೇ 18ರ ಜಿಎಸ್‌ಟಿ ಸೇರುತ್ತದೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಮೊದಲನೆಯದು ಮಾತ್ರ.

ವಾರ್ಷಿಕ ಶುಲ್ಕದ ವಿಷಯದಲ್ಲಿ ಒಂದು ಮಾತು. ನಿಮ್ಮ ಹೆಸರಿನಲ್ಲಿ ಒಂದೇ ಡಿಮ್ಯಾಟ್ ಖಾತೆ ಇದ್ದು, ಅದರಲ್ಲಿರುವ ಹೂಡಿಕೆಯ ಮೌಲ್ಯ 4 ಲಕ್ಷ ರೂಪಾಯಿ ಮೀರದಿದ್ದರೆ ‘ಬೇಸಿಕ್ ಸರ್ವಿಸ್ ಡಿಮ್ಯಾಟ್’ ನಿಯಮದಂತೆ ವಾರ್ಷಿಕ ಶುಲ್ಕವೇ ಇಲ್ಲ; 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. 2024ರ ಸೆಪ್ಟೆಂಬರ್ 1ರಿಂದ ಈ ಮಿತಿಗಳು ಜಾರಿಯಲ್ಲಿವೆ. ಎಷ್ಟೋ ಮಂದಿಗೆ ಬ್ರೋಕರ್ ಬದಲಿಸುವ ಅಗತ್ಯವೇ ಇರುವುದಿಲ್ಲ, ಈ ಸೌಲಭ್ಯವನ್ನು ಕೇಳಿ ಪಡೆದರೆ ಸಾಕು. ಹೊಸದನ್ನು ತೆರೆದು ಹಳೆಯದನ್ನು ಹಾಗೆಯೇ ಬಿಟ್ಟವರು ಎರಡು ಖಾತೆ ಹೊಂದಿದ ಕಾರಣಕ್ಕೆ ಈ ರಿಯಾಯಿತಿಯಿಂದ ಹೊರಗುಳಿದು ಎರಡೂ ಕಡೆ ಶುಲ್ಕ ಕಟ್ಟುತ್ತಿರುತ್ತಾರೆ.

ಹೆಜ್ಜೆ 3: ನಿಮ್ಮದೇ ಒಂದು ವರ್ಷದ ಲೆಕ್ಕ ಹಾಕಿ

ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಲ ಕೊಂಡಿರಿ, ಎಷ್ಟು ಸಲ ಮಾರಿದಿರಿ, ಒಟ್ಟು ಮೊತ್ತ ಎಷ್ಟು ಎಂದು ಎಣಿಸಿ. ವಿಜಯಪುರದ ಜಲನಗರ ಬಡಾವಣೆಯ ನಿವೃತ್ತ ಶಿಕ್ಷಕರೊಬ್ಬರ ಜೊತೆ ಕುಳಿತು ನಾನು ಹಾಕಿಕೊಟ್ಟ ಲೆಕ್ಕವನ್ನೇ ಅಂಕಿಗಳನ್ನು ಸರಳಗೊಳಿಸಿ ಇಲ್ಲಿ ಕೊಡುತ್ತೇನೆ. ಅವರು ವರ್ಷದಲ್ಲಿ 25 ಆರ್ಡರ್ ಹಾಕಿದ್ದರು. ಅದರಲ್ಲಿ ಮಾರಾಟ 8. ಒಟ್ಟು ವಹಿವಾಟು 2 ಲಕ್ಷ ರೂಪಾಯಿ. ಹಳೆಯ ಬ್ರೋಕರ್ ಬಳಿ ಶೇ 0.40ರ ದರದಲ್ಲಿ ಬ್ರೋಕರೇಜ್ 800, ವಾರ್ಷಿಕ ಶುಲ್ಕ 500, ಮಾರಾಟಕ್ಕೆ ತಲಾ 20ರಂತೆ ಡಿಪಿ ಶುಲ್ಕ 160, ಒಟ್ಟು 1,460. ಜಿಎಸ್‌ಟಿ ಸೇರಿ ಸುಮಾರು 1,723 ರೂಪಾಯಿ. ಹೊಸ ಆ್ಯಪ್‌ನಲ್ಲಿ ಆರ್ಡರಿಗೆ 20ರಂತೆ 500, ವಾರ್ಷಿಕ ಶುಲ್ಕ 300, ಡಿಪಿ ಶುಲ್ಕ ತಲಾ 15ರಂತೆ 120, ಒಟ್ಟು 920. ಜಿಎಸ್‌ಟಿ ಸೇರಿ ಸುಮಾರು 1,086 ರೂಪಾಯಿ. ಉಳಿತಾಯ ವರ್ಷಕ್ಕೆ 637 ರೂಪಾಯಿ.

ಆರ್ಡರಿಗೆ ಇಷ್ಟು ಎಂಬ ಸ್ಥಿರ ದರ ಸಣ್ಣ ಖರೀದಿಗೆ ದುಬಾರಿ. ಶೇ 0.40 ಮತ್ತು 20 ರೂಪಾಯಿ ಸಮವಾಗುವುದು 5,000 ರೂಪಾಯಿಯ ಆರ್ಡರಿನಲ್ಲಿ. ತಿಂಗಳಿಗೊಂದು ಸಾವಿರಕ್ಕೆ ಒಂದೆರಡು ಷೇರು ಕೊಳ್ಳುವವರು 20 ರೂಪಾಯಿ ಕೊಟ್ಟರೆ ಅದು ಶೇ 2ರಷ್ಟಾಯಿತು. ಹಳೆಯ ಬ್ರೋಕರ್ ಬಳಿಯೂ ‘ಕನಿಷ್ಠ ಬ್ರೋಕರೇಜ್’ ಎಂಬ ಸಾಲು ಇರಬಹುದು, ಅದನ್ನು ದರಪಟ್ಟಿಯಲ್ಲಿ ಹುಡುಕಿ ನೋಡಿ. ಮುಂಗಡವಾಗಿ ಕೆಲವು ಸಾವಿರ ಕಟ್ಟಿಸಿಕೊಂಡು ಬ್ರೋಕರೇಜ್ ಇಳಿಸುವ ಯೋಜನೆಗಳನ್ನು ದೀರ್ಘಾವಧಿ ಹೂಡಿಕೆದಾರರು ಒಪ್ಪಿಕೊಳ್ಳಲೇಬಾರದು. ಕಟ್ಟಿದ ಹಣ ವಸೂಲಾಗಲೆಂದು ಬೇಡದ ವಹಿವಾಟು ಮಾಡುವ ಆಸೆ ಹುಟ್ಟುತ್ತದೆ. ಬಡ್ಡಿಗೆ ಹಣ ಕೊಟ್ಟು ಷೇರು ಕೊಳ್ಳಿಸುವ ಮಾರ್ಜಿನ್ ಸೌಲಭ್ಯವನ್ನು ಹೊಸ ಆ್ಯಪ್ ತೆರೆದ ದಿನವೇ ಮುಂದೊಡ್ಡುತ್ತಾರೆ. ಅದನ್ನು ಮುಟ್ಟಬೇಡಿ.

ಹೆಜ್ಜೆ 4: ಮಾರಬೇಡಿ, ವರ್ಗಾಯಿಸಿ

ಬಹುಪಾಲು ಜನ ಎಡವುವುದು ಇಲ್ಲಿ. ಆ ಶಿಕ್ಷಕರ ಖಾತೆಯಲ್ಲಿದ್ದ ಷೇರುಗಳ ಮೌಲ್ಯ 11 ಲಕ್ಷ. ಮೂರು ವರ್ಷಗಳ ಹಿಂದೆ ಕೊಂಡಾಗ ಹಾಕಿದ್ದು 7 ಲಕ್ಷ. ಎಲ್ಲವನ್ನೂ ಮಾರಿದರೆ ಲಾಭ 4 ಲಕ್ಷ. ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ ಅದರಲ್ಲಿ 1.25 ಲಕ್ಷಕ್ಕೆ ತೆರಿಗೆಯಿಲ್ಲ, ಉಳಿದ 2.75 ಲಕ್ಷಕ್ಕೆ ಶೇ 12.5ರ ತೆರಿಗೆ 34,375, ಶೇ 4ರ ಸೆಸ್ ಸೇರಿ 35,750 ರೂಪಾಯಿ. ಮಾರುವಾಗ ಒಮ್ಮೆ, ಮರಳಿ ಕೊಳ್ಳುವಾಗ ಒಮ್ಮೆ ಎಸ್‌ಟಿಟಿ 2,200. ಮುದ್ರಾಂಕ ಶುಲ್ಕ 165. ಬ್ರೋಕರೇಜನ್ನು ಲೆಕ್ಕಕ್ಕೆ ಹಿಡಿಯದೆಯೇ 38,115 ರೂಪಾಯಿ. ವರ್ಷಕ್ಕೆ 637 ಉಳಿಸಿ ಇದನ್ನು ತುಂಬಿಕೊಳ್ಳಲು ಅರವತ್ತು ವರ್ಷ ಬೇಕು. ವರ್ಷ ತುಂಬದ ಷೇರುಗಳಿದ್ದರೆ ಅವುಗಳ ಲಾಭಕ್ಕೆ ತೆರಿಗೆ ಶೇ 20.

ಒಬ್ಬರದೇ ಒಂದು ಡಿಮ್ಯಾಟ್ ಖಾತೆಯಿಂದ ಅವರದೇ ಮತ್ತೊಂದು ಖಾತೆಗೆ ಷೇರು ಸರಿಸುವುದು ಮಾರಾಟವಲ್ಲ, ಅದಕ್ಕೆ ಲಾಭದ ತೆರಿಗೆಯೂ ಇಲ್ಲ. ಇದಕ್ಕಿಂತ ಹೆಚ್ಚಾಗಿ, ಖಾತೆಯಲ್ಲಿದ್ದ ಎಲ್ಲವನ್ನೂ ತನ್ನದೇ ಮತ್ತೊಂದು ಖಾತೆಗೆ ಒಯ್ಯುವವರಿಂದ ವರ್ಗಾವಣೆ ಶುಲ್ಕ ಪಡೆಯಬಾರದೆಂದು ಸೆಬಿ ನಿಯಮ ಮಾಡಿದೆ; 2006ರ ಜನವರಿ 9ರಿಂದ ಅದು ಜಾರಿಯಲ್ಲಿದೆ. ಡಿಮ್ಯಾಟ್ ಷೇರುಗಳನ್ನು ಕಾಪಿಡುವ ಎರಡು ಡಿಪಾಸಿಟರಿ ಸಂಸ್ಥೆಗಳ ಪೈಕಿ ಎನ್‌ಎಸ್‌ಡಿಎಲ್‌ನಿಂದ ಸಿಡಿಎಸ್‌ಎಲ್‌ಗೆ ಹೋದರೂ ಇದು ಅನ್ವಯಿಸುತ್ತದೆ. ಆದರೆ ಎರಡೂ ಖಾತೆಗಳು ಎಲ್ಲ ರೀತಿಯಲ್ಲೂ ಒಂದೇ ಆಗಿರಬೇಕು. ಹಳೆಯ ಖಾತೆ ಗಂಡ-ಹೆಂಡತಿಯ ಜಂಟಿ ಹೆಸರಿನಲ್ಲಿದ್ದು, ಮೊಬೈಲಿನಲ್ಲಿ ತೆರೆದ ಹೊಸ ಖಾತೆ ಗಂಡನೊಬ್ಬನ ಹೆಸರಿನಲ್ಲಿದ್ದರೆ ವಿನಾಯಿತಿ ಸಿಗದು. ಜಂಟಿ ಖಾತೆಗಳಲ್ಲಿ ಹೆಸರುಗಳ ಅನುಕ್ರಮವೂ ಹೊಂದಬೇಕು. ನಮ್ಮ ಕಡೆ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಪೂರ್ಣವಾಗಿಯೂ ಹಳೆಯ ಡಿಮ್ಯಾಟ್‌ನಲ್ಲಿ ಒಂದಕ್ಷರವಾಗಿಯೂ ಇರುವುದು ಸಾಮಾನ್ಯ. ಅದನ್ನು ಮೊದಲು ತಿದ್ದಿಸಿಕೊಳ್ಳಿ.

ಹೊಸ ಬ್ರೋಕರ್‌ನಿಂದ ಸಹಿ, ಮೊಹರು ಇರುವ ‘ಕ್ಲೈಂಟ್ ಮಾಸ್ಟರ್ ರಿಪೋರ್ಟ್’, ಅಂದರೆ ಹೊಸ ಖಾತೆಯ ವಿವರಗಳ ವರದಿ, ಪಡೆಯಿರಿ. ಹಳೆಯ ಬ್ರೋಕರ್ ಬಳಿ ಖಾತೆ ಮುಚ್ಚುವ ಅರ್ಜಿಯಲ್ಲೇ ‘ಉಳಿದ ಷೇರುಗಳನ್ನು ಈ ಖಾತೆಗೆ ವರ್ಗಾಯಿಸಿ’ ಎಂಬ ಭಾಗವನ್ನು ತುಂಬಿ, ಆ ವರದಿಯನ್ನು ಲಗತ್ತಿಸಿ. ಮೊದಲು ಡೆಲಿವರಿ ಸ್ಲಿಪ್ (ಷೇರು ವರ್ಗಾಯಿಸಲು ಸಹಿ ಮಾಡಿ ಕೊಡುವ ಚೀಟಿ) ಕೊಟ್ಟು ಷೇರು ಸರಿಸಿ, ಆಮೇಲೆ ಬೇರೆಯಾಗಿ ಮುಚ್ಚುವ ಅರ್ಜಿ ಕೊಟ್ಟವರಿಗೆ ಸಾಮಾನ್ಯ ವರ್ಗಾವಣೆಯ ಲೆಕ್ಕದಲ್ಲಿ ಪ್ರತಿ ಕಂಪನಿಗೂ ಶುಲ್ಕ ಬಿದ್ದ ಉದಾಹರಣೆಗಳನ್ನು ಕಂಡಿದ್ದೇನೆ. ಖಾತೆ ಸಂಖ್ಯೆಯನ್ನು ಎರಡು ಸಲ ಓದಿ: ಸಿಡಿಎಸ್‌ಎಲ್‌ನದು ಪೂರ್ತಿ 16 ಅಂಕಿ, ಎನ್‌ಎಸ್‌ಡಿಎಲ್‌ನದು ‘ಐಎನ್’ ಅಕ್ಷರಗಳಿಂದ ಆರಂಭವಾಗುತ್ತದೆ. ಅಡವಿಟ್ಟ ಷೇರುಗಳನ್ನು ಮೊದಲು ಬಿಡಿಸಬೇಕು, ಲೆಡ್ಜರಿನಲ್ಲಿ ಬಾಕಿಯಿದ್ದರೆ ತೀರಿಸಬೇಕು, ಬೋನಸ್ ಷೇರು ಜಮೆಯಾಗುವುದಿದ್ದರೆ ಅಲ್ಲಿಯವರೆಗೆ ಕಾಯಬೇಕು. ‘ನಾನೇ ಮಾಡಿಸಿಕೊಡುತ್ತೇನೆ’ ಎನ್ನುವವರ ಕೈಗೆ ಸಹಿ ಮಾಡಿದ ಖಾಲಿ ಸ್ಲಿಪ್ಪನ್ನಾಗಲಿ ಒಟಿಪಿಯನ್ನಾಗಲಿ, ಅವರು ನೆಂಟರೇ ಆಗಿದ್ದರೂ, ಕೊಡಬೇಡಿ.

ವರ್ಷದ ನಿರ್ವಹಣಾ ಶುಲ್ಕವನ್ನು ಮುಂಗಡವಾಗಿ ಕಟ್ಟಿದ್ದರೆ, ಉಳಿದ ತ್ರೈಮಾಸಿಕಗಳ ಹಣ ಹಿಂದಿರುಗಿಸುವಂತೆ ಅದೇ ಅರ್ಜಿಯೊಂದಿಗೆ ಬರೆದು ಕೇಳಿ. ಅದು ನಿಮ್ಮ ಹಕ್ಕು.

ಹೆಜ್ಜೆ 5: ಮ್ಯೂಚುವಲ್ ಫಂಡ್ ಲೆಕ್ಕ ಬೇರೆ

ಡಿಮ್ಯಾಟ್‌ನಲ್ಲಿಲ್ಲದ ಫಂಡ್ ಯೂನಿಟ್‌ಗಳು ಆಯಾ ಫಂಡ್ ಸಂಸ್ಥೆಯಲ್ಲಿ ನಿಮ್ಮ ಹೆಸರಿನ ಖಾತೆಯಾದ ಫೋಲಿಯೊದಲ್ಲಿರುತ್ತವೆ. ಆ್ಯಪ್ ಬದಲಿಸಿದರೆ ಅವನ್ನು ಎಲ್ಲಿಗೂ ಸಾಗಿಸಬೇಕಿಲ್ಲ. ಇಲ್ಲಿ ನಿಜವಾದ ಖರ್ಚು ರೆಗ್ಯುಲರ್ ಯೋಜನೆಯೊಳಗೆ ಪ್ರತಿದಿನ ಕಡಿತವಾಗುವ ಮಧ್ಯವರ್ತಿಯ ಕಮಿಷನ್. ಅದಿಲ್ಲದ ಡೈರೆಕ್ಟ್ ಯೋಜನೆಗಳು 2013ರ ಜನವರಿ 1ರಿಂದ ಲಭ್ಯವಿವೆ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗುವುದನ್ನು, ಫಂಡ್ ಅದೇ ಆಗಿದ್ದರೂ, ತೆರಿಗೆಯ ದೃಷ್ಟಿಯಲ್ಲಿ ಮಾರಾಟವೆಂದೇ ಪರಿಗಣಿಸುತ್ತಾರೆ. ಹಲವು ಈಕ್ವಿಟಿ ಫಂಡ್‌ಗಳಲ್ಲಿ ವರ್ಷದೊಳಗೆ ಹೊರಬಂದರೆ ಶೇ 1ರ ನಿರ್ಗಮನ ಶುಲ್ಕವೂ ಇದೆ. ನನ್ನ ಸಲಹೆ ಖಚಿತವಾಗಿದೆ: ಹೊಸ ಎಸ್‌ಐಪಿಯನ್ನು (ನಿಯತ ಕಂತಿನ ಹೂಡಿಕೆ) ಇಂದೇ ಡೈರೆಕ್ಟ್‌ನಲ್ಲಿ ಆರಂಭಿಸಿ, ಹಳೆಯ ಎಸ್‌ಐಪಿ ನಿಲ್ಲಿಸಿ, ಹಳೆಯ ಯೂನಿಟ್‌ಗಳನ್ನು ವರ್ಷ ತುಂಬಿದ ಮೇಲೆ ಪ್ರತಿ ಆರ್ಥಿಕ ವರ್ಷ 1.25 ಲಕ್ಷದ ತೆರಿಗೆರಹಿತ ಮಿತಿಯೊಳಗೆ ಲಾಭ ಬರುವಷ್ಟೇ ಸರಿಸುತ್ತ ಬನ್ನಿ. ಎಸ್‌ಐಪಿಯನ್ನು ರದ್ದುಗೊಳಿಸದೆ ಬ್ಯಾಂಕ್ ಖಾತೆ ಬರಿದು ಮಾಡಿ ನಿಲ್ಲಿಸಲು ಹೋದರೆ ಪ್ರತಿ ವಿಫಲ ಕಂತಿಗೂ ಬ್ಯಾಂಕ್ ದಂಡ ಹಾಕುತ್ತದೆ.

ಹೆಜ್ಜೆ 6: ಕೊಂಡ ಬೆಲೆ ದಾಖಲಿಸಿ

ಹೊಸ ಆ್ಯಪ್‌ಗೆ ನಿಮ್ಮ ಹಳೆಯ ಖರೀದಿ ಬೆಲೆ ಗೊತ್ತಿರುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಇಳಿಸಿಕೊಂಡ ಕಾಗದ ನೋಡಿ, ಪ್ರತಿ ಷೇರಿನ ಕೊಂಡ ದಿನ ಮತ್ತು ಬೆಲೆಯನ್ನು ನೀವೇ ತುಂಬಿ. ಹಳೆಯ ಖಾತೆ ಮುಚ್ಚಿದ ದೃಢೀಕರಣ ಬರುವವರೆಗೆ ಅದರ ಲೆಡ್ಜರ್ ಮೇಲೆ ಕಣ್ಣಿಡಿ. ನಿಯಮ ಮೀರಿ ವರ್ಗಾವಣೆ ಶುಲ್ಕ ಹಾಕಿದ್ದರೆ ಮೊದಲು ಬ್ರೋಕರ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ, ಖಾತೆ ಮುಚ್ಚುವ ಅರ್ಜಿಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿ, ದೂರು ದಾಖಲಿಸಿ.