ಬಾಣಂತಿಯ ತಲೆನೋವು, ಸಿಟಿ ಸ್ಕ್ಯಾನ್‌ನಲ್ಲಿ ಒಂದು ಬಿಳಿ ಗೆರೆ

ಹೆರಿಗೆಯಾಗಿ ಹನ್ನೊಂದನೇ ದಿನ. ಮೂರು ದಿನದಿಂದ ತಲೆನೋವು, ಬೆಳಿಗ್ಗೆಯಿಂದ ಎರಡು ಸಲ ವಾಂತಿ. ಬೇರೆ ಕಡೆ ನಿಶ್ಶಕ್ತಿ ಅಂತ ಹೇಳಿ ಮಾತ್ರೆ ಕೊಟ್ಟು ಕಳಿಸಿದ್ದರು. ನಮ್ಮ ಸ್ಕ್ಯಾನ್ ಕೋಣೆಗೆ ಬಂದಾಗ ಮಗು ಅಜ್ಜಿಯ ಕೈಯಲ್ಲಿತ್ತು. ಅಷ್ಟು ಸೆಖೆಯಲ್ಲೂ ಹುಡುಗಿ ಕಿವಿ ಮುಚ್ಚಿ ಸ್ಕಾರ್ಫ್ ಕಟ್ಟಿದ್ದಳು. ತುಟಿ ಒಣಗಿ ಬಿರಿದಿತ್ತು.

"ನೀರು ಎಷ್ಟು ಕುಡೀತೀಯಮ್ಮ?" ಅಂದೆ. ಉತ್ತರ ಅಜ್ಜಿಯಿಂದ ಬಂತು. "ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಲ್ವಾ ಡಾಕ್ಟ್ರೇ?"

ಹೆರಿಗೆಯ ನಂತರ ಕೆಲವು ವಾರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನೀರನ್ನೂ ಕಡಿಮೆ ಮಾಡಿದರೆ ಅಪಾಯ ಇನ್ನೂ ಹೆಚ್ಚು.

ಮೊದಲು ಕಾಂಟ್ರಾಸ್ಟ್ (ನಾಳಗಳು ಬೆಳ್ಳಗೆ ಕಾಣಲು ಚುಚ್ಚುವ ಔಷಧ) ಇಲ್ಲದ ಸಿಟಿ ಮಾಡಿದೆವು. ರಕ್ತಸ್ರಾವ ಇಲ್ಲ, ಗೆಡ್ಡೆ ಇಲ್ಲ. ಆದರೆ ನೆತ್ತಿಯ ಕೆಳಗೆ ಹಿಂದಕ್ಕೆ ಹರಿಯುವ ದೊಡ್ಡ ರಕ್ತನಾಳ, ಸುಪೀರಿಯರ್ ಸ್ಯಾಜಿಟಲ್ ಸೈನಸ್, ಸ್ವಲ್ಪ ಜಾಸ್ತಿನೇ ಬೆಳ್ಳಗಿತ್ತು. ಅಳೆದು ನೋಡಿದೆ: 74 ಹೌನ್ಸ್‌ಫೀಲ್ಡ್, ಸಿಟಿಯಲ್ಲಿ ಬಿಳುಪು ಅಳೆಯುವ ಮಾನ ಅದು. 70 ದಾಟಿದರೆ ಹೆಪ್ಪಿನ ಅನುಮಾನ ಬರಲೇಬೇಕು. ಆದರೆ ಹಿಮೋಗ್ಲೋಬಿನ್ ಜಾಸ್ತಿ ಇದ್ದವರಲ್ಲಿ, ಮೈಯಲ್ಲಿ ನೀರು ಕಡಿಮೆಯಾದವರಲ್ಲಿ, ಸುಮ್ನೆ ಹರಿಯುವ ರಕ್ತವೂ ಹೀಗೇ ಕಾಣಬಹುದು. ಲ್ಯಾಬ್‌ಗೆ ಫೋನ್ ಮಾಡಿ ಹಿಮೋಗ್ಲೋಬಿನ್ ಕೇಳಿದೆ. 8.6. ಇಷ್ಟು ರಕ್ತ ಕಡಿಮೆ ಇದ್ದವಳ ನಾಳ ಮಂಕಾಗಿ ಕಾಣಬೇಕಿತ್ತು. ನನಗೆ ಎದೆ ಧಸಕ್ಕೆಂದಿತು.

ಟೇಬಲ್ಲಿನಿಂದ ಇಳಿಸದೆ ಕಾಂಟ್ರಾಸ್ಟ್ ಕೊಟ್ಟು ಸಿಟಿ ವೆನೋಗ್ರಾಮ್, ಅಂದರೆ ಮಿದುಳಿನ ಅಭಿಧಮನಿಗಳ ಸ್ಕ್ಯಾನ್, ಮಾಡಿದೆವು. ನಾಳದ ಅಂಚೆಲ್ಲ ಬೆಳಗಿತು, ನಡುವೆ ಹೆಪ್ಪು ಇದ್ದ ಜಾಗ ಕಪ್ಪು ತ್ರಿಕೋನವಾಗಿ ಉಳಿಯಿತು. ಎಂಪ್ಟಿ ಡೆಲ್ಟಾ ಅನ್ನುತ್ತೇವೆ ಅದಕ್ಕೆ. ತಲೆಯ ಹಿಂಭಾಗದಲ್ಲಿ ಅಡ್ಡಕ್ಕೆ ಹೋಗುವ ನಾಳ, ಎಡಗಡೆಯ ಟ್ರಾನ್ಸ್‌ವರ್ಸ್ ಸೈನಸ್, ಕೂಡ ತೆಳ್ಳಗಿತ್ತು. ಅದನ್ನೂ ಹೆಪ್ಪು ಅಂದುಬಿಡಬಾರದು, ಎಷ್ಟೋ ಜನರಿಗೆ ಹುಟ್ಟಿನಿಂದಲೇ ಹಾಗಿರುತ್ತದೆ. ಮೂಳೆ ಸ್ಪಷ್ಟವಾಗಿ ಕಾಣುವ ವಿಂಡೋದಲ್ಲಿ ನೋಡಿದರೆ, ಆ ನಾಳದ ರಕ್ತ ತಲೆಬುರುಡೆಯಿಂದ ಹೊರಹೋಗುವ ಜುಗುಲರ್ ರಂಧ್ರವೂ ಆ ಕಡೆ ಚಿಕ್ಕದೇ ಇತ್ತು, ಅಂದರೆ ನಾಳ ಹುಟ್ಟಿನಿಂದಲೇ ಸಣ್ಣದು.

ರಿಪೋರ್ಟ್ ಟೈಪ್ ಆಗುವ ಮೊದಲೇ ಫಿಸಿಶಿಯನ್‌ಗೆ ಹೇಳಿದೆ. ಅರ್ಧ ಗಂಟೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರುವಾಯಿತು. ಮಿದುಳಿನಲ್ಲಿ ರಕ್ತ ಸೋರಿದ್ದರೂ, ಅಲ್ಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಈ ಕಾಯಿಲೆಗೆ ಹೆಪಾರಿನ್ನೇ ಮದ್ದು. ನಾಳ ಕಟ್ಟಿ, ಒತ್ತಡ ಏರಿಯೇ ಅಲ್ಲಿ ರಕ್ತ ಸೋರುವುದು. ಮನೆಯವರಿಗೆ ಇದನ್ನು ಕೂತು ಬಿಡಿಸಿ ಹೇಳಬೇಕಾಗುತ್ತದೆ.

ಈಗ ನಮ್ಮ ಸ್ಕ್ಯಾನ್ ಫಾರಂನಲ್ಲಿ ಎರಡು ಸಾಲು ಸೇರಿಸಿದ್ದೇನೆ: ಹೆರಿಗೆಯಾಗಿ ಎಷ್ಟು ದಿನ? ಹಿಮೋಗ್ಲೋಬಿನ್ ಎಷ್ಟು? ಇವೆರಡೂ ತುಂಬದೆ ಬಾಣಂತಿಯ ತಲೆಯ ಸಿಟಿಗೆ ನಾನು ರಿಪೋರ್ಟ್ ಬರೆಯುವುದಿಲ್ಲ.