ರಾಗಿ ಅಂದುಕೊಂಡಿದ್ದು ಕೊರಲೆ ಆಗಿತ್ತು

ಮೊದಲ ವರ್ಷದ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಕಡೆ ‘ರಾಗಿ’ ಅಂತ ಬರೆದಿದ್ದೆ. ಆಮೇಲೆ ಹನ್ನೊಂದನ್ನೂ ಹೊಡೆದುಹಾಕಬೇಕಾಯಿತು.

ಹಳೇ ಊರುಗಳ ಮಣ್ಣಿನಲ್ಲಿ ಸುಟ್ಟ ಕಾಳು ಹುಡುಕುವುದು ನನ್ನ ಕೆಲಸ. ಆ ವರ್ಷ ಬಂದದ್ದು ಬಳ್ಳಾರಿ ಕಡೆಯ ಮಣ್ಣು, ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು, ನವಶಿಲಾಯುಗದ್ದು. ಹಸಿ ಕಾಳು ಅಷ್ಟು ದಿನ ಉಳಿಯುವುದಿಲ್ಲ. ಹುಳ, ಗೆದ್ದಲು, ತೇವ ಎಲ್ಲ ಸೇರಿ ಮುಗಿಸುತ್ತವೆ. ಒಲೆ ಹತ್ತಿರ ಬಿದ್ದು, ಗಾಳಿಯಾಡದ ಬೂದಿಯೊಳಗೆ ಸೇರಿಕೊಂಡು ಇದ್ದಿಲಾದದ್ದು ಮಾತ್ರ ಉಳಿಯುತ್ತದೆ. ಇದ್ದಿಲನ್ನು ಯಾವ ಹುಳ ತಿನ್ನುತ್ತೆ, ಅಲ್ವಾ?

ಅದನ್ನು ಹೊರಗೆ ತೆಗೆಯುವುದು ಸುಲಭ. 10 ಲೀಟರ್ ಮಣ್ಣು ಅಳೆದು ನೀರಿಗೆ ಹಾಕಿ, ಕೈಯಲ್ಲೇ ಮೆಲ್ಲಗೆ ಕಲಕಿ, ಮೇಲೆ ತೇಲಿದ್ದನ್ನು ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ಆಯಿತು. ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಇದ್ದಿಲು ಸೀಳಿಬಿಡುತ್ತದೆ. ತಳದಲ್ಲಿ ಉಳಿದದ್ದನ್ನೂ ಚೆಲ್ಲಬಾರದು. ಮೀನಿನ ಮುಳ್ಳು, ಇಲಿ ಹಲ್ಲು, ಮಣಿ ಸಿಗುವುದು ಅಲ್ಲೇ.

ಕಷ್ಟ ಶುರುವಾಗುವುದು ಮೈಕ್ರೋಸ್ಕೋಪಿನ ಕೆಳಗೆ. ಸಿಪ್ಪೆ ಹೋಗಿ, ಉಬ್ಬಿ, ಕಪ್ಪಾದ ಮೇಲೆ ಸಿರಿಧಾನ್ಯಗಳೆಲ್ಲ ಒಂದೇ ಥರ ಕಾಣುತ್ತವೆ. ನಾನು ತುಮಕೂರು ಜಿಲ್ಲೆಯವಳು, ಮುದ್ದೆ ತಿಂದು ಬೆಳೆದವಳು. ದುಂಡನೆ ಕಾಳು ಕಂಡರೆ ಮನಸ್ಸು ಮೊದಲು ರಾಗಿ ಕಡೆಗೇ ಹೋಗುತ್ತದೆ. ಆದರೆ ರಾಗಿ ಈ ನೆಲದಲ್ಲಿ ಹುಟ್ಟಿದ್ದಲ್ಲ, ಪೂರ್ವ ಆಫ್ರಿಕಾದಿಂದ ಬಂದದ್ದು. ದಕ್ಷಿಣದ ನವಶಿಲಾಯುಗದ ಜನರ ಮುಖ್ಯ ಬೆಳೆ ಕೊರಲೆ ಅನ್ನುವ ಸಣ್ಣ ಸಿರಿಧಾನ್ಯ, ಹುರುಳಿ, ಹೆಸರು, ಜೊತೆಗೆ ನವಣೆ ಜಾತಿಯ ಒಂದು ಹುಲ್ಲಿನ ಕಾಳು. ಇದನ್ನು ಕಾಳು ಕಾಳಾಗಿ ನೋಡಿ ತೋರಿಸಿಕೊಟ್ಟವರು ಪುರಾತತ್ವಜ್ಞ ಡೋರಿಯನ್ ಫುಲ್ಲರ್. ಹಳೇ ವರದಿಗಳಲ್ಲಿ ರಾಗಿ ಅಂತ ಬರೆದಿದ್ದ ಕಾಳುಗಳಲ್ಲಿ ಹಲವು, ಸಿಪ್ಪೆ ಹೋದ ಬೇರೆ ಸಿರಿಧಾನ್ಯ ಅಂತ ಹೇಳಿದ್ದೂ ಅವರೇ. ನಾನೂ ಅದೇ ತಪ್ಪು ಮಾಡಿದ್ದೆ.

“ಚಿತ್ರ ನೋಡಿ ಗುರುತು ಹಿಡಿಯಬೇಡಮ್ಮ, ನೀನೇ ಕಾಳು ಸುಟ್ಟು ನೋಡು” ಅಂದರು ನನಗೆ ಕಲಿಸುತ್ತಿದ್ದ ಮೇಷ್ಟ್ರು.

ಕೊರಲೆ ಈಗಲೂ ಬೆಳೆಯುವುದು ನಮ್ಮ ಮಧುಗಿರಿ, ಶಿರಾ, ಪಾವಗಡದ ಕಡೆ. ಮಧುಗಿರಿ ತಾಲ್ಲೂಕಿನಲ್ಲಿ ಅಜ್ಜಿ ಮನೆ ಇದೆ. ಆ ಸಲದ ಸುಗ್ಗಿಗೆ ಅಲ್ಲೇ ಹೋಗಿ ಕೂತೆ.

ಮಡಕೆಗೆ ಮರಳು ತುಂಬಿ, ಫಾಯಿಲ್‌ನಲ್ಲಿ ಸುತ್ತಿದ ಕಾಳನ್ನು ನಡುವೆ ಹೂತು, ಸೌದೆ ಒಲೆ ಮೇಲೆ ಇಟ್ಟೆ. ಮೊದಲನೇ ದಿನ ಉರಿ ಜಾಸ್ತಿಯಾಗಿ ಎಲ್ಲ ಉಬ್ಬಿ ಒಡೆದುಹೋಯಿತು. ಹುಚ್ಚೆಳ್ಳಂತೂ ಎಣ್ಣೆ ಬಿಟ್ಟು ಕರಿ ಗಡ್ಡೆ ಆಯಿತು. ಹಳೇ ಮಣ್ಣಲ್ಲಿ ಎಣ್ಣೆಕಾಳು ಕಡಿಮೆ ಸಿಗುವುದು ಯಾಕೆ ಅಂತ ಅವತ್ತು ಕಣ್ಣಾರೆ ಕಂಡೆ. ಜನ ತಿನ್ನಲಿಲ್ಲ ಅಂತಲ್ಲ, ಬೆಂಕಿಯಲ್ಲಿ ಉಳಿಯಲಿಲ್ಲ. ಎರಡನೇ ಸಲ ಥರ್ಮಾಮೀಟರ್ ಇಟ್ಟು, 250 ಡಿಗ್ರಿ ದಾಟದ ಹಾಗೆ ಎರಡು ಗಂಟೆ ಉರಿ ನೋಡಿಕೊಂಡೆ. “ತಿನ್ನೋ ಕಾಳ್ನ ಹಿಂಗ್ ಸುಡಬಾರದು ಮಗಾ” ಅಂತ ಅಜ್ಜಿ ಬೇಜಾರು ಮಾಡಿಕೊಂಡಳು. ನಾಲ್ಕು ಸಾವಿರ ವರ್ಷದ ಹಿಂದಿನ ಕಾಳು ಅಂತ ನನ್ನ ಡಬ್ಬಿ ತೋರಿಸಿದೆ. ಕನ್ನಡಕದ ಮೇಲೆ ಲೆನ್ಸ್ ಹಿಡಿದುಕೊಂಡು ತುಂಬಾ ಹೊತ್ತು ನೋಡಿದಳು.

ಸುಟ್ಟ ಕೊರಲೆಯನ್ನು ಸೂಜಿಯಲ್ಲಿ ಮಗುಚಿದರೆ ಮೊಳಕೆ ಇದ್ದ ಜಾಗ ಉದ್ದ ತೋಡಿನ ಹಾಗೆ ಕಾಣುತ್ತದೆ, ಕಾಳಿನ ಮುಕ್ಕಾಲು ಉದ್ದ. ಸಾಮೆಯಲ್ಲಿ ಅದು ಗಿಡ್ಡ. ರಾಗಿಯಲ್ಲಿ ಇನ್ನೂ ಚಿಕ್ಕ ಗುರುತು, ಮೈಯೆಲ್ಲ ತರಿತರಿ. ಪಕ್ಕದಲ್ಲಿ ಇಟ್ಟುಕೊಂಡು ನೋಡಿದಾಗ ನನ್ನ ಹನ್ನೊಂದರಲ್ಲಿ ಒಂಬತ್ತು ಕೊರಲೆ. ಉಳಿದ ಎರಡನ್ನು ‘ಸಿರಿಧಾನ್ಯ, ಗುರುತು ಸಿಕ್ಕಿಲ್ಲ’ ಅಂತ ಬರೆದೆ. ಹಾಗೆ ಬರೆಯುವುದಕ್ಕೆ ಹಿಂಜರಿಯಬಾರದು.

ಇದಕ್ಕಿಂತ ಜಾಸ್ತಿ ಕಲಿತದ್ದು ಅಜ್ಜಿ ಮೊರದ ಪಕ್ಕ ಕೂತು. ರಾಗಿ ಬಡಿದರೆ ಸಿಪ್ಪೆ ತಾನೇ ಬಿಡುತ್ತದೆ. ಕೊರಲೆಯದು ಹಾಗಲ್ಲ. ಬೀಸುಕಲ್ಲಿಗೆ ಹಾಕಿ, ಒರಳಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಬೇಕು. ಅದಕ್ಕೇ ಒಂದೇ ಸಲ ಎಲ್ಲವನ್ನೂ ಮಾಡಿಡುವುದಿಲ್ಲ, ಅನ್ನಕ್ಕೆ ಬೇಕಾದಾಗ ಬೇಕಾದಷ್ಟು. ಕೇರಿದ ಹೊಟ್ಟು, ಜೊಳ್ಳು, ಕಳೆ ಬೀಜ ಸ್ವಲ್ಪ ಕೋಳಿಗೆ, ಸ್ವಲ್ಪ ತಿಪ್ಪೆಗೆ, ಸ್ವಲ್ಪ ಒಲೆಗೆ. ಒಲೆಗೆ ಬಿದ್ದದ್ದೇ ನಾಳೆ ನನ್ನಂಥವರಿಗೆ ಸಿಗುವುದು! ಅಂದರೆ ನನ್ನ ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ಊಟ ಅಲ್ಲ, ಊಟ ಮಾಡುವ ಮೊದಲು ಆಚೆ ಹಾಕಿದ್ದು. ಕಣದಲ್ಲಿ ಉಳಿದದ್ದು, ಜರಡಿಯಿಂದ ಕೆಳಗೆ ಬಿದ್ದದ್ದು, ಮೊರದಿಂದ ಹಾರಿದ್ದು, ಮೂರನ್ನೂ ಬೇರೆ ಬೇರೆ ಚೀಲಕ್ಕೆ ಕಟ್ಟಿ ತಂದೆ. ಹಳೇ ಮಣ್ಣಿನಲ್ಲಿ ಹುಲ್ಲಿನ ಗೆಣ್ಣು ಜಾಸ್ತಿ ಇದ್ದರೆ ಹತ್ತಿರದಲ್ಲಿ ಕಣ ಇತ್ತೇನೋ ಅಂತ ಯೋಚಿಸುತ್ತೇನೆ. ಸಣ್ಣ ಕಳೆ ಬೀಜವೇ ಜಾಸ್ತಿ ಇದ್ದರೆ ಮನೆಯೊಳಗಿನ ಮೊರ, ಜರಡಿ ನೆನಪಾಗುತ್ತದೆ.

ಒಂದು ಎಚ್ಚರಿಕೆ. ಅಣ್ಣೆ ಸೊಪ್ಪಿನ ಬೀಜ ಹುಟ್ಟಾ ಕಪ್ಪು, ಮಿರಿಮಿರಿ ಅನ್ನುತ್ತದೆ. ಇರುವೆ ಎಳೆದುಕೊಂಡು ಹೋಗಿ ಆಳಕ್ಕೆ ಸೇರಿಸಿದ ಹೋದ ವರ್ಷದ ಬೀಜವೂ ಸುಟ್ಟದ್ದರ ಹಾಗೇ ಕಾಣುತ್ತದೆ. ಸೂಜಿಯಲ್ಲಿ ಒಡೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ಹಳೆಯದಲ್ಲ.

ಕಾಳಿನಿಂದ ಯಾರು ಎಷ್ಟು ತಿಂದರು ಅಂತ ಹೇಳಲಾಗುವುದಿಲ್ಲ. ಅದಕ್ಕೆ ಮೂಳೆ, ಹಲ್ಲು ಬೇಕು. ಕೊರಲೆ, ಜೋಳ, ರಾಗಿ, ಬಯಲಿನ ಹುಲ್ಲು ಇವುಗಳಲ್ಲಿ ಕಾರ್ಬನ್ 13ರ, ಅಂದರೆ ಸ್ವಲ್ಪ ಭಾರದ ಕಾರ್ಬನ್ನಿನ, ಅಳತೆ (ಒಂದು ಮಾನದಂಡಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟು ಅನ್ನುವ ಲೆಕ್ಕ) ಮೈನಸ್ 12ರ ಸುತ್ತ ಇರುತ್ತದೆ. ಭತ್ತ, ಗೋಧಿ, ಹುರುಳಿ, ಮರದ ಸೊಪ್ಪಿನಲ್ಲಿ ಮೈನಸ್ 26ರ ಸುತ್ತ. ತಿಂದದ್ದು ಮೂಳೆಯಲ್ಲಿ ಉಳಿಯುತ್ತದೆ. ಆದರೆ ಕೊರಲೆ ಅನ್ನ ಉಂಡವನೂ, ಬಯಲಲ್ಲಿ ಮೇದ ಹಸುವಿನ ಹಾಲು ಕುಡಿದವನೂ ಕಾರ್ಬನ್ ಲೆಕ್ಕದಲ್ಲಿ ಒಂದೇ ಥರ ಕಾಣಬಹುದು. ಹಾಲು ಮಾಂಸ ಜಾಸ್ತಿ ತಿಂದವರಲ್ಲಿ ನೈಟ್ರೋಜನ್ 15, ಅಂದರೆ ಭಾರದ ನೈಟ್ರೋಜನ್, ಏರುತ್ತದೆ, ಅದೇ ಲೆಕ್ಕದಲ್ಲಿ ತಿಂದದ್ದಕ್ಕಿಂತ ತಿಂದವನಲ್ಲಿ 3ರಿಂದ 5ರಷ್ಟು ಜಾಸ್ತಿ. ಅದಕ್ಕೇ ಅದೇ ನೆಲೆಯ ದನದ ಮೂಳೆಯನ್ನೂ ಅಳೆಯಬೇಕು. ನಮ್ಮ ಬಿಸಿ ಮಣ್ಣಿನಲ್ಲಿ ಮೂಳೆಯ ಕೊಲ್ಯಾಜನ್ ಅನ್ನುವ ಪ್ರೋಟೀನ್ ಬೇಗ ಹಾಳಾಗುತ್ತದೆ, ಹಾಗಾಗಿ ಎಷ್ಟೋ ಸಲ ಹಲ್ಲಿನ ಎನಾಮೆಲ್ಲೇ ಗತಿ. ಎನಾಮೆಲ್‌ನಲ್ಲಿ ಕಾರ್ಬನ್ ಸಿಗುತ್ತದೆ, ಕೊಲ್ಯಾಜನ್ನಿನಿಂದ ಸಿಗುವ ನೈಟ್ರೋಜನ್ ಲೆಕ್ಕ ಸಿಗುವುದಿಲ್ಲ.

ಆ ಕಾಲದಲ್ಲಿ ದನವೇ ಸಂಪತ್ತು. ತೆಲಂಗಾಣದ ಉತ್ನೂರಿನ ಬೂದಿದಿಬ್ಬವನ್ನು 1957ರಲ್ಲಿ ಅಗೆದಾಗ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅವರಿಗೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಆ ದಿಬ್ಬಗಳೆಲ್ಲ ಸುಟ್ಟ ಸಗಣಿ. ಸಗಣಿಯಲ್ಲಿ ದನ ತಿಂದ ಬೀಜವೂ ಇರುತ್ತದೆ. ಹಾಗಾದರೆ ನನ್ನ ಒಂಬತ್ತು ಕೊರಲೆ ಮನುಷ್ಯರದ್ದೋ, ದನದ್ದೋ?

ಅಜ್ಜಿ ಮನೆಯ ಒಂದು ಬೆರಣಿ ಸುಟ್ಟು ಬೂದಿ ತೊಳೆದೆ. ಹುಲ್ಲಿನ ಬೀಜ ಬಂತು, ಕೊರಲೆಯೂ ಬಂತು, ಆದರೆ ಸಿಪ್ಪೆಯ ಚೂರು ಅಂಟಿಕೊಂಡೇ ಇತ್ತು. ನನ್ನ ಒಂಬತ್ತರ ಮೇಲೆ ಸಿಪ್ಪೆಯ ಗುರುತೇ ಇಲ್ಲ. ಅವು ರಾಗಿ ಥರ ಕಂಡಿದ್ದೇ ಅದಕ್ಕೆ. ಬೆಂಕಿಗೆ ಬೀಳುವ ಮೊದಲೇ ಯಾರೋ ಅವನ್ನು ಕುಟ್ಟಿ, ಕೇರಿ ಇಟ್ಟಿದ್ದರು ಅನ್ನುವುದೇ ನನಗೆ ಸರಿ ಕಾಣುತ್ತದೆ.

ಅಜ್ಜಿಗೆ ಫೋನ್ ಮಾಡಿ ಹೇಳಿದೆ. “ಎಷ್ಟ್ ಸಲ ಕುಟ್ಟಿದ್ರಂತೆ?” ಅಂತ ಕೇಳಿದಳು. ಈ ಸುಗ್ಗಿಯಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಕುಟ್ಟಿದ ಕೊರಲೆಯನ್ನು ಬೇರೆ ಬೇರೆ ಮಡಕೆಯಲ್ಲಿ ಸುಡುತ್ತಿದ್ದೇನೆ.