ಕೌದಿ ಬಟ್ಟೆಯ ಕೂಸು

ನಾನು ಯಾದಗಿರಿ ಜಿಲ್ಲೆಯ ಒಂದು ತಾಲೂಕಿನಲ್ಲಿ ಹೆರಿಗೆ ಡಾಕ್ಟರ್. ಹೊಸದಾಗಿ ಬರುವ ಸ್ಟಾಫ್ ನರ್ಸ್‌ಗಳಿಗೆ ಕಲಿಸೋಕೆ ನಾನೇ ಒಂದು ಗೊಂಬೆ ಮಾಡಿಸಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ರಾತ್ರಿ, ಕುಂಡಿ ಮುಂದಾಗಿ ಬಂದ ಕೂಸು. ಮೈಯೆಲ್ಲ ಹೊರಗೆ ಬಂತು, ತಲೆ ಮಾತ್ರ ಒಳಗೇ ನಿಂತಿತು. ಏನು ಮಾಡಬೇಕು ಅಂತ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆದರೆ ಕೈಗೆ ಗೊತ್ತಿರಲಿಲ್ಲ. ಹಿರಿಯ ಸಿಸ್ಟರ್ ಒಬ್ಬರು "ಸರೀರಿ ಮೇಡಂ" ಅಂದು ಮುಂದೆ ಬಂದರು. ಕೂಸನ್ನು ಎಡ ಮುಂಗೈ ಮೇಲೆ ಮಲಗಿಸಿಕೊಂಡು, ಎರಡು ಬೆರಳು ಕೆನ್ನೆಯ ಎಲುಬಿಗೆ ಇಟ್ಟು, ಗದ್ದ ಎದೆಗೆ ತಾಗುವಂತೆ ಬಾಗಿಸಿದರು. ಇನ್ನೊಂದು ಕೈ ಹೆಗಲ ಮೇಲೆ. ತಲೆ ಬಂತು. ಕೂಸು ಅತ್ತಿತು.

ಆ ಹಿಡಿತಕ್ಕೆ ಮೂವರ ಹೆಸರಿದೆ: ಮೋರಿಸೋ, ಸ್ಮೆಲ್ಲಿ, ವೈಟ್. ನನಗೆ ಹತ್ತಿರದವರು ವಿಲಿಯಂ ಸ್ಮೆಲ್ಲಿ. 1697ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ನಲ್ಲಿ ಹುಟ್ಟಿ, ಅಲ್ಲೇ ವರ್ಷಗಟ್ಟಲೆ ಸಣ್ಣ ಊರಿನ ಡಾಕ್ಟರಾಗಿ ದುಡಿದು, ಆಮೇಲೆ ಲಂಡನ್ನಿನಲ್ಲಿ ಹೆರಿಗೆ ಕಲಿಸಿದವರು. ಬಡ ಹೆಂಗಸರಿಗೆ ದುಡ್ಡಿಲ್ಲದೆ ಹೆರಿಗೆ ಮಾಡಿಸುತ್ತಿದ್ದರು, ಶಿಷ್ಯರು ಪಕ್ಕದಲ್ಲಿರೋದಕ್ಕೆ ಒಪ್ಪಬೇಕು ಅಷ್ಟೇ. ಜೊತೆಗೆ ಕೈ ಪಳಗಿಸೋಕೆ ಗೊಂಬೆ: ನಿಜವಾದ ಎಲುಬು, ಮೇಲೆ ಚರ್ಮದ ಹೊದಿಕೆ, ಒಳಗೊಂದು ಕೂಸು. ಆಗಿನ ಸೂಲಗಿತ್ತಿ ಎಲಿಜಬೆತ್ ನಿಹೆಲ್ ಆ ಗೊಂಬೆಯನ್ನು ಬಹಳ ಹೀಗಳೆದರು. ಅವರ ಮಾತಿನಲ್ಲೂ ನಿಜ ಇದೆ, ಗೊಂಬೆಗೆ ನೋವಾಗೋದಿಲ್ಲ ಅಲ್ವಾ. ಆದರೂ ಮೊದಲ ತಪ್ಪು ಗೊಂಬೆ ಮೇಲೇ ಆಗಲಿ ಅನ್ನೋದು ನನ್ನ ಮಾತು.

ಕೂಸಿನ ತಲೆ ಮೊದಲು ಅಡ್ಡ ಇಳಿದು, ಕೆಳಗೆ ಬಂದಾಗ ತಿರುಗುತ್ತೆ ಅಂತ ಸರಿಯಾಗಿ ವಿವರಿಸಿದವರಲ್ಲಿ ಸ್ಮೆಲ್ಲಿ ಮೊದಲಿಗರು. 1752ರ ಅವರ ಪುಸ್ತಕದಲ್ಲಿ ಅದಿದೆ. ನನ್ನ ಗೊಂಬೆಯಲ್ಲಿ ತೋರಿಸಬೇಕಿದ್ದದ್ದೂ ಅದೇ. ದಪ್ಪ ತಂತಿ ಬಗ್ಗಿಸಿ ಎರಡು ಬಳೆ ಮಾಡಿದೆ, ಕೂಸು ಇಳಿಯುವ ಸೊಂಟದ ಎಲುಬಿನ ಮೇಲಿನ ಬಾಯಿಗೊಂದು, ಕೆಳಗಿನ ಬಾಯಿಗೊಂದು. ಮೇಲಿನದು ಅಡ್ಡಕ್ಕೆ 13 ಸೆಂಟಿಮೀಟರ್, ಹಿಂದೆ ಮುಂದೆ 11. ಕೆಳಗಿನದು ಅದರ ಉಲ್ಟಾ. ಅದಕ್ಕೇ ತಲೆ ತಿರುಗಲೇಬೇಕು, ಸುಮ್ನೆ ಬಾಯಲ್ಲಿ ಹೇಳಿದರೆ ಇದು ಯಾರಿಗೂ ಹತ್ತೋದಿಲ್ಲ.

ಬಟ್ಟೆ ಕೆಲಸಕ್ಕೆ ಕೌದಿ ಹೊಲಿಯುವ ಒಬ್ಬ ಅಜ್ಜಿಯನ್ನು ಹಿಡಿದೆ. ಹಳೇ ಸೀರೆ ಪದರ ಪದರ ಹಾಕಿ ತಂತಿಯ ಸುತ್ತ ಹೊಲಿದರು. ತಲೆಗೆ ಅರಳೆ ಒತ್ತಿ ತುಂಬುವಾಗ, "ಎವ್ವಾ, ಕೂಸಿನ ತಲಿ ಇಷ್ಟು ಗಟ್ಟಿ ಇರತೈತೇನು?" ಅಂತ ಕೇಳಿದರು. ಇರುತ್ತೆ ಅಜ್ಜಿ, ಆದರೆ ತಲೆಯ ಎಲುಬುಗಳ ಕೂಡು ಇರುವ ಕಡೆ ಬೆರಳಿಗೆ ತಿಳಿಯಬೇಕು ಅಂದೆ. ಅವರು ದಪ್ಪ ದಾರದಿಂದ ಕೌದಿ ಹೊಲಿಗೆಯನ್ನೇ ಎಬ್ಬಿಸಿ ಹಾಕಿಕೊಟ್ಟರು. ಮುಂದಿನ ನೆತ್ತಿಯಲ್ಲಿ ನಾಲ್ಕು ಗೆರೆ ಕೂಡುತ್ತವೆ, ಹಿಂದಿನದರಲ್ಲಿ ಮೂರು. ಮೂರು ಸಿಕ್ಕರೆ ಕೂಸು ಗದ್ದವನ್ನು ಚೆನ್ನಾಗಿ ಎದೆಗೆ ಒತ್ತಿಕೊಂಡಿದೆ ಅಂತ ಅರ್ಥ.

ಗೊಂಬೆ ಮೇಲೆ ಟವೆಲ್ ಹೊದಿಸಿ, ನೋಡದೆ ಬೆರಳಲ್ಲೇ ಹೇಳಿ ಅನ್ನುತ್ತೇನೆ. ಮೊದಲ ದಿನ ಎಲ್ಲರೂ ತಡವರಿಸುತ್ತಾರೆ. ಹೋದ ತಿಂಗಳು ಸುರಪುರ ಕಡೆಯ ಹುಡುಗಿಯೊಬ್ಬಳು ನಾಲ್ಕನೇ ದಿನ ಕಣ್ಣು ಮುಚ್ಚಿಕೊಂಡೇ, "ಮೂರು ಗೆರಿ ಕೂಡ್ಯಾವ್ರೀ ಮೇಡಂ, ಎಡಕ್ಕದಾವ್ರೀ" ಅಂದಳು. ಟವೆಲ್ ತೆಗೆದೆ. ಎಡಕ್ಕೇ ಇತ್ತು.